ಅಕ್ಕನ ಲಂಡನ್ನಿನಲ್ಲಿ ಎರಡು ದಿನ

ವಿದೇಶ ಪ್ರವಾಸದಲ್ಲಿ ಎರಡು ಬಗೆ. ಪ್ರವಾಸಿ ಬಸ್ಸಿನಲ್ಲಿ ಕುಳಿತು, ಅವರು ತೋರಿಸಿದ್ದನ್ನು ನೋಡಿ, ಅವರು ಬಡಿಸಿದ್ದನ್ನು ತಿಂದು ಬರುವುದು ಒಂದು. ಬಂಧುಗಳ ಮನೆಯಲ್ಲಿ ಇಳಿದುಕೊಂಡು, ಅವರ ಡ್ಯೂಟಿ, ಅವರ ಅಡಿಗೆಮನೆ, ಅವರ ಮಕ್ಕಳ ಪರೀಕ್ಷೆ ಇವುಗಳ ನಡುವೆ ಬಿಡುವು ಹುಡುಕಿಕೊಂಡು ಊರು ನೋಡುವುದು ಇನ್ನೊಂದು. ಮೊದಲನೆಯದರಲ್ಲಿ ಊರು ಹೆಚ್ಚು ಕಾಣುತ್ತದೆ, ಸಂದೇಹವಿಲ್ಲ. ಎರಡನೆಯದರಲ್ಲಿ ಕಾಣುವುದು ಬೇರೆ. ಅದೇನೆಂದು ಹೇಳಲು ಹೊರಟಿದ್ದೇನೆ.

2024ರ ಮೇ ತಿಂಗಳ ಕೊನೆಯಲ್ಲಿ ನಾವು ನಾಲ್ವರು, ಅಂದರೆ ನಾನು, ನನ್ನವರು, ಹತ್ತು ವರ್ಷದ ಮಗಳು ಮತ್ತು ನನ್ನ ಅಮ್ಮ, ಮೈಸೂರಿನಿಂದ ಲಂಡನ್ನಿಗೆ ಹೋಗಿದ್ದೆವು. ನನ್ನ ಅಕ್ಕ ಅಲ್ಲಿ ನೆಲೆಸಿ ಇಪ್ಪತ್ತು ವರ್ಷವಾಯಿತು. ಆಸ್ಪತ್ರೆಯೊಂದರಲ್ಲಿ ನರ್ಸ್. ಇಷ್ಟು ವರ್ಷದಲ್ಲಿ ಅಮ್ಮ ಒಮ್ಮೆಯೂ ಮಗಳ ಮನೆಗೆ ಹೋಗಿರಲಿಲ್ಲ. ಮೊದಲು ಅಪ್ಪನ ಆರೋಗ್ಯ, ಆಮೇಲೆ ಕೊರೊನಾ. ಪಾಸ್‌ಪೋರ್ಟ್ ಮಾಡಿಸಿದ್ದೇ ಎಪ್ಪತ್ತೈದು ತುಂಬಿದ ಮೇಲೆ!

ಹತ್ತು ದಿನ ಇದ್ದೆವು. ಆದರೆ ವಾರದ ದಿನಗಳಲ್ಲಿ ಅಕ್ಕ-ಭಾವ ಇಬ್ಬರೂ ಕೆಲಸಕ್ಕೆ ಹೋಗುವವರು. ಎಲ್ಲರೂ ಒಟ್ಟಿಗೆ ಹೊರಗೆ ಹೊರಡಲು ಸಿಕ್ಕಿದ್ದು ಒಂದೇ ಒಂದು ಶನಿವಾರ, ಭಾನುವಾರ. ಅಕ್ಕನಿಗೆ ಈ ಎರಡು ದಿನ ಒಟ್ಟಿಗೆ ರಜೆ ಸಿಗುವುದೇ ಅಪರೂಪವಂತೆ. ಶುಕ್ರವಾರ ರಾತ್ರಿ ಭಾವ ಕಾಗದ, ಪೆನ್ನು ಹಿಡಿದು ಕುಳಿತರು. ಬಕಿಂಗ್‌ಹ್ಯಾಮ್ ಅರಮನೆ, ಲಂಡನ್ ಟವರ್, ಮೇಣದ ಬೊಂಬೆಗಳು... ಪಟ್ಟಿ ಬೆಳೆಯುತ್ತಾ ಹೋಯಿತು.

"ಅತ್ತೆ, ನಿಮಗೇನು ನೋಡಬೇಕು ಹೇಳಿ" ಎಂದರು.

ಅಮ್ಮ ಅಕ್ಕನ ಕಡೆ ತಿರುಗಿ, "ನೀನು ದಿನಾ ಕೆಲ್ಸಕ್ಕೆ ಹೋಗ್ತೀಯಲ್ಲ, ಆ ದಾರಿ ತೋರ್ಸು ಸಾಕು" ಎಂದಳು.

ಎಲ್ಲರೂ ನಕ್ಕೆವು. ಭಾವ ಅದನ್ನೂ ಪಟ್ಟಿಯ ಕೊನೆಗೆ ಬರೆದುಕೊಂಡರು.

ಒಗ್ಗರಣೆ ಹಾಕಿದರೆ ಸೈರನ್

ಅಕ್ಕನ ಮನೆ ಲಂಡನ್ನಿನ ವಾಯವ್ಯಕ್ಕೆ, ಹ್ಯಾರೋ ಎಂಬಲ್ಲಿದೆ. ಚರ್ಚಿಲ್ ಮತ್ತು ನೆಹರೂ ಇಬ್ಬರೂ ಓದಿದ ಶಾಲೆ ಇರುವುದು ಇಲ್ಲಿಯ ಗುಡ್ಡದ ಮೇಲೆ. ಗುಡ್ಡದ ಕೆಳಗೆ ಮಾತ್ರ ನಮ್ಮವರದೇ ರಾಜ್ಯ. ಬೀದಿಯಲ್ಲಿ ಗುಜರಾತಿ, ತಮಿಳು ಕಿವಿಗೆ ಬೀಳುತ್ತದೆ. ಅಂಗಡಿಯಲ್ಲಿ ನುಗ್ಗೆಕಾಯಿ, ಮೆಂತ್ಯದ ಸೊಪ್ಪು ಸಿಗುತ್ತದೆ. ಆಗ ಒಂದು ಪೌಂಡಿಗೆ ಸುಮಾರು 105 ರೂಪಾಯಿ. ಅಮ್ಮ ಪ್ರತಿಯೊಂದರ ಬೆಲೆಯನ್ನೂ ನೂರರಿಂದ ಗುಣಿಸಿ ಹೌಹಾರುತ್ತಿದ್ದಳು. "ಗುಣಿಸೋದು ಬಿಟ್ರೆ ಮಾತ್ರ ಇಲ್ಲಿ ಊಟ ಗಂಟಲಲ್ಲಿ ಇಳಿಯೋದು" ಎಂಬುದು ಅಕ್ಕನ ಅನುಭವದ ಮಾತು.

ಶನಿವಾರ ಬೆಳಿಗ್ಗೆ ಅಮ್ಮ ಬೇಗ ಎದ್ದು ಬುತ್ತಿಗೆಂದು ಚಿತ್ರಾನ್ನಕ್ಕೆ ಕೈ ಹಾಕಿದಳು. ಒಣಮೆಣಸಿನಕಾಯಿ ಎಣ್ಣೆಗೆ ಬಿತ್ತೋ ಇಲ್ಲವೋ, ಚಾವಣಿಯಲ್ಲಿದ್ದ ಹೊಗೆಯ ಅಲಾರಂ ಕಿವಿ ಕಿತ್ತುಹೋಗುವಂತೆ ಕೂಗಿಕೊಂಡಿತು. ಅಕ್ಕನ ಮಗ, ಹದಿನೈದರ ಹುಡುಗ, ನಿದ್ದೆಗಣ್ಣಿನಲ್ಲೇ ಬಂದು ಒಂದು ಟವಲ್ ತೆಗೆದುಕೊಂಡು ಅಲಾರಂ ಕೆಳಗೆ ಬೀಸತೊಡಗಿದ. ಆ ಮನೆಯಲ್ಲಿ ಅದು ಅವನ ಕಾಯಂ ಕೆಲಸವಂತೆ!

ಇನ್ನೊಂದು ತೊಡಕು ದೀಪದ್ದು. ಮೇ ಕೊನೆಯಲ್ಲಿ ಲಂಡನ್ನಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತರ ಸುಮಾರಿಗೆ. ಮುಸ್ಸಂಜೆಗೆ ದೀಪ ಹಚ್ಚುವ ಅಮ್ಮ ಊಟ ಮುಗಿಸಿ, ಆಕಳಿಸುತ್ತಾ, ಕಿಟಕಿ ನೋಡುತ್ತಾ ಕೂರುತ್ತಿದ್ದಳು. ಮೈಸೂರಿನಲ್ಲಿ ಆಗ ರಾತ್ರಿ ಒಂದೂವರೆ.

ಅಮ್ಮನಿಗೆ ಮೊಣಕಾಲು ನೋವು. ಲಂಡನ್ನಿನ ಸುರಂಗ ರೈಲಿಗೆ 272 ನಿಲ್ದಾಣಗಳಿದ್ದರೂ ಮೆಟ್ಟಿಲು ಹತ್ತದೆ ಪ್ಲಾಟ್‌ಫಾರಂ ತಲುಪಬಹುದಾದವು ಮೂರನೇ ಒಂದು ಭಾಗದಷ್ಟು ಮಾತ್ರ. ಕಾರಣ, ಇದು ಜಗತ್ತಿನ ಮೊದಲ ಸುರಂಗ ರೈಲು. ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್‌ಡನ್‌ಗೆ ಇದು ಓಡತೊಡಗಿದ್ದು 1863ರಲ್ಲಿ, ಅದೂ ಉಗಿಬಂಡಿಯಾಗಿ! ಹ್ಯಾರೋವರೆಗೆ ಬಂದದ್ದು 1880ರಲ್ಲಿ. ಅಂದಿನವರು ಲಿಫ್ಟಿನ ಕನಸು ಕಂಡಿರಲಿಲ್ಲ. ಅಕ್ಕ ಹಿಂದಿನ ರಾತ್ರಿಯೇ ಲಿಫ್ಟ್ ಇರುವ ನಿಲ್ದಾಣಗಳನ್ನು ಗುರುತು ಹಾಕಿ ಇಟ್ಟಿದ್ದಳು. ವೆಂಬ್ಲಿ ಪಾರ್ಕ್‌ನಲ್ಲಿ ರೈಲು ಬದಲಿಸಿ, ಗ್ರೀನ್ ಪಾರ್ಕ್‌ನಲ್ಲಿ ಲಿಫ್ಟ್ ಹತ್ತಿ ಮೇಲೆ ಬಂದು, ಅಲ್ಲಿಂದ ಕೆಂಪು ಡಬಲ್ ಡೆಕ್ಕರ್ ಬಸ್ಸು.

ಹೋಗುವವರಿಗೆ ಒಂದು ಕಿವಿಮಾತು. ಲಂಡನ್ನಿನ ಬಸ್ಸಿನಲ್ಲಿ 2014ರಿಂದ ನಗದು ಹಣ ತೆಗೆದುಕೊಳ್ಳುವುದಿಲ್ಲ. ಕಾರ್ಡನ್ನು ಯಂತ್ರಕ್ಕೆ ತಾಗಿಸಬೇಕು. ಒಮ್ಮೆ ತಾಗಿಸಿದರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ಹಣವಿಲ್ಲ. ಹನ್ನೊಂದರೊಳಗಿನ ಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟೇ ಇಲ್ಲ.

ಗಾಜಿನೊಳಗಿನ ಹುಲಿ

ನಾವು ಮೊದಲು ಹೋದದ್ದು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಮ್ಯೂಸಿಯಂಗೆ. ಬ್ರಿಟನ್ನಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳಿಗೆ 2001ರ ಕೊನೆಯಿಂದ ಪ್ರವೇಶ ಶುಲ್ಕವಿಲ್ಲ. ಇದನ್ನು ಕೇಳಿ ಅಮ್ಮ ಅಂದು ಮೊದಲ ಬಾರಿ ಏನನ್ನೂ ಗುಣಿಸಲಿಲ್ಲ.

ಮೈಸೂರಿನವರು ಅಲ್ಲಿಗೆ ಹೋದರೆ ನೋಡದೆ ಬರಲಾಗದ ವಸ್ತು ಟಿಪ್ಪುವಿನ ಹುಲಿ. ಬಿಳಿಯ ಸಿಪಾಯಿಯೊಬ್ಬನನ್ನು ಕೆಡವಿ ಮೇಲೆ ನಿಂತ, ಬಣ್ಣ ಬಳಿದ ಮರದ ಹುಲಿ. ಉದ್ದ ಆರಡಿಗೆ ತುಸು ಕಡಿಮೆ. 1793ರ ಸುಮಾರಿಗೆ ಟಿಪ್ಪುವಿಗಾಗಿ ಮಾಡಿದ್ದು. ಪಕ್ಕದ ಹಿಡಿ ತಿರುಗಿಸಿದರೆ ಕೆಳಗೆ ಬಿದ್ದವನ ಕೈ ಮೇಲೆ ಕೆಳಗೆ ಆಡುತ್ತದೆ, ನರಳಾಟವೂ ಹುಲಿಯ ಗುರುಗುಟ್ಟುವಿಕೆಯೂ ಕೇಳುತ್ತದೆ. ಹುಲಿಯ ಹೊಟ್ಟೆಯೊಳಗೆ ಕೀಲಿಮಣೆಯಿರುವ ಆರ್ಗನ್ ವಾದ್ಯವೂ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಅರಮನೆಯಲ್ಲಿ ಸಿಕ್ಕಿದ ಇದನ್ನು ಇಂಗ್ಲೆಂಡಿಗೆ ಸಾಗಿಸಿದರು. ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಇಟ್ಟಿದ್ದಾಗ ಬಂದವರೆಲ್ಲ ಹಿಡಿ ತಿರುಗಿಸಿ, ಪಕ್ಕದಲ್ಲಿ ಓದುತ್ತಿದ್ದವರ ತಲೆ ಕೆಡಿಸುತ್ತಿದ್ದರಂತೆ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಬಾಂಬಿನಿಂದ ಚಾವಣಿ ಕುಸಿದು ಹುಲಿ ನೂರಾರು ಚೂರಾಯಿತು. ಯುದ್ಧ ಮುಗಿದ ಮೇಲೆ ಅಷ್ಟೂ ಚೂರುಗಳನ್ನು ಮತ್ತೆ ಜೋಡಿಸಿದರು. ನಾವು ನೋಡಿದಾಗ ಅದು ಗಾಜಿನ ಪೆಟ್ಟಿಗೆಯೊಳಗೆ ಸದ್ದಿಲ್ಲದೆ ನಿಂತಿತ್ತು.

"ಅಮ್ಮಾ, ಇದು ನಮ್ಮ ಶ್ರೀರಂಗಪಟ್ಟಣದ್ದು ತಾನೆ? ಮತ್ತೆ ಇಲ್ಲಿ ಯಾಕಿದೆ?" ಎಂದಳು ಮಗಳು.

ನಾನು ಯುದ್ಧದ ಕಥೆ ಹೇಳಿದೆ. ಅಕ್ಕನ ಮಗ ಕೇಳಿಸಿಕೊಂಡು, ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲೇ ಇದ್ದ ಮೇಲೆ, ಇಲ್ಲಿಯ ಬಾಂಬಿನ ಪೆಟ್ಟನ್ನೂ ತಿಂದ ಮೇಲೆ ಅದು ಲಂಡನ್ನಿನದೇ ಆಗಲಿಲ್ಲವೇ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅವನಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅಕ್ಕ ಅವನ ಮಾತನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು.

"ಎಷ್ಟು ವರ್ಷ ಇದ್ರೇನಪ್ಪ, ನೋಡಿದೋರು ಎಲ್ಲಿಂದ ಬಂತು ಅಂತಾನೇ ಕೇಳೋದು" ಎಂದಳು ಅಮ್ಮ.

ಅಕ್ಕ ನಕ್ಕಳು. "ನನ್ನನ್ನೂ ಹಾಗೇ ಕೇಳ್ತಾರಮ್ಮ. ವಾರ್ಡಿಗೆ ಹೊಸ ಪೇಷಂಟ್ ಬಂದಾಗೆಲ್ಲ." ಅಮ್ಮ ಏನೂ ಹೇಳದೆ ಅವಳ ಕೈ ಹಿಡಿದುಕೊಂಡು ಮುಂದಿನ ಕೋಣೆಗೆ ನಡೆದಳು.

ಗೋಡೆಯ ಮೇಲಿನ ಹೃದಯಗಳು

ಮಧ್ಯಾಹ್ನ ನಾವು ಥೇಮ್ಸ್ ನದಿಯ ದಡಕ್ಕೆ ಬಂದೆವು. ಲ್ಯಾಂಬೆತ್ ಬಳಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ನದಿಯೊಡ್ಡಿನ ಮೇಲೆ ಬಸವಣ್ಣನವರ ಪುತ್ಥಳಿ ಇದೆ. ಪ್ರಧಾನಿ ನರೇಂದ್ರ ಮೋದಿಯವರು 2015ರ ನವೆಂಬರ್ 14ರಂದು ಅನಾವರಣ ಮಾಡಿದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪದಲ್ಲಿ ಎಲ್ಲ ಕಾಯಕದವರನ್ನೂ ಒಟ್ಟಿಗೆ ಕೂರಿಸಿದ ಅಣ್ಣನವರು ಬ್ರಿಟಿಷ್ ಸಂಸತ್ತಿನಿಂದ ಸ್ವಲ್ಪವೇ ದೂರದಲ್ಲಿ ನಿಂತಿದ್ದಾರೆ. ಅಮ್ಮ ಚಪ್ಪಲಿ ಕಳಚಿಟ್ಟು ಕೈ ಮುಗಿದಳು. ಓಟಕ್ಕೆ ಬಂದಿದ್ದ ಬಿಳಿಯ ಹುಡುಗಿಯೊಬ್ಬಳು ಅದನ್ನು ಕಂಡು, ದಾರಿಯಲ್ಲಿದ್ದ ಚಪ್ಪಲಿಯನ್ನು ಬಳಸಿಕೊಂಡು ಓಡಿಹೋದಳು. ಹತ್ತಿರದ ಬೆಂಚಿನ ಮೇಲೆ ಚಿತ್ರಾನ್ನ, ಮೊಸರನ್ನ, ಊರಿನಿಂದ ತಂದ ಕೋಡುಬಳೆ. ಆ ಊಟಕ್ಕೆ ಸಮನಾದದ್ದು ಲಂಡನ್ನಿನ ಯಾವ ಹೋಟೆಲಿನಲ್ಲೂ ಸಿಗಲಾರದು.

ಊಟವಾದ ಮೇಲೆ ಮಕ್ಕಳು, ಗಂಡಸರು ಮುಂದೆ ಹೋದರು. ನಾವು ಮೂವರು ಅಮ್ಮನ ಮೊಣಕಾಲಿನ ವೇಗದಲ್ಲಿ ನದಿಯ ಪಕ್ಕದ ಹಾದಿ ಹಿಡಿದೆವು. ಲ್ಯಾಂಬೆತ್ ಸೇತುವೆ ದಾಟಿದ ಮೇಲೆ ಒಂದು ಉದ್ದನೆಯ ಗೋಡೆ ಶುರುವಾಗುತ್ತದೆ. ಗೋಡೆಯ ಹಿಂದೆ ಸೇಂಟ್ ಥಾಮಸ್ ಆಸ್ಪತ್ರೆ. ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ನರ್ಸಿಂಗ್ ಶಾಲೆ ತೆರೆದದ್ದು ಈ ಆಸ್ಪತ್ರೆಯಲ್ಲೇ. ಎದುರಿಗೆ, ನದಿಯಾಚೆ, ಸಂಸತ್ ಭವನ. ಗೋಡೆಯ ತುಂಬ ಕೈಯಲ್ಲಿ ಬರೆದ ಕೆಂಪು ಹೃದಯಗಳು. ಅರ್ಧ ಕಿಲೋಮೀಟರ್ ಉದ್ದಕ್ಕೂ ಎರಡು ಲಕ್ಷಕ್ಕಿಂತ ಹೆಚ್ಚು. ಬ್ರಿಟನ್ನಿನಲ್ಲಿ ಕೊರೊನಾದಿಂದ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು. 2021ರ ಮಾರ್ಚ್ ಕೊನೆಯಲ್ಲಿ, ತಮ್ಮವರನ್ನು ಕಳೆದುಕೊಂಡ ಜನ ತಾವೇ ಬಣ್ಣ ಹಿಡಿದು ಬಂದು ಬರೆಯತೊಡಗಿದ್ದು. ಬಿಸಿಲು, ಮಳೆಗೆ ಬಣ್ಣ ಮಾಸುತ್ತದೆ. ಸ್ವಯಂಸೇವಕರು ಬಂದು ಮತ್ತೆ ಬಳಿಯುತ್ತಾರೆ, ಅಳಿಸಿಹೋದ ಹೆಸರುಗಳನ್ನು ಮತ್ತೆ ಬರೆಯುತ್ತಾರೆ.

ಅಕ್ಕ ಒಂದು ಕಡೆ ನಿಂತಳು. ಅವಳ ಜೊತೆ ಕೆಲಸ ಮಾಡುತ್ತಿದ್ದ ಕೇರಳದ ನರ್ಸ್ ಒಬ್ಬರ ಹೆಸರು ಅಲ್ಲಿತ್ತು. ವರ್ಷಕ್ಕೊಮ್ಮೆ ಬಂದು ಅಕ್ಷರ ಮಾಸಿದ್ದರೆ ಪೆನ್ನಿನಿಂದ ತಿದ್ದಿ ಹೋಗುತ್ತಾಳಂತೆ. ನಮಗೆ ಅದುವರೆಗೆ ಈ ವಿಷಯ ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು. ನನ್ನ ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳಲ್ಲಿ, ಮೈಸೂರಿನಲ್ಲಿ. ಬ್ರಿಟನ್ ಏಪ್ರಿಲ್ 23ರಿಂದ ಭಾರತವನ್ನು ಕೆಂಪು ಪಟ್ಟಿಗೆ ಸೇರಿಸಿತ್ತು. ಹೋದವರು ಮರಳಿದರೆ ಹತ್ತು ದಿನ ಸರ್ಕಾರ ಗೊತ್ತುಮಾಡಿದ ಹೋಟೆಲಿನಲ್ಲಿ ಪ್ರತ್ಯೇಕವಾಗಿರಬೇಕಿತ್ತು. ವಿಮಾನಗಳು ವಿರಳ, ಆಸ್ಪತ್ರೆಯಲ್ಲಿ ರಜೆಯಿಲ್ಲ. ಅಕ್ಕ ಬರಲಾಗಲಿಲ್ಲ. ಬೆಳಗಿನ ಐದು ಗಂಟೆಗೆ ನಾನು ಫೋನ್ ಮಾಡಿದಾಗ ಅವಳಿಗೆ ರಾತ್ರಿ ಹನ್ನೆರಡೂವರೆ. ಉಳಿದದ್ದನ್ನೆಲ್ಲ ಅವಳು ಫೋನಿನ ಪರದೆಯಲ್ಲಿ ನೋಡಿದಳು. ಮಾರನೆಯ ದಿನ ಡ್ಯೂಟಿಗೆ ಹೋದಳು. ಆಮೇಲೆ ಊರಿಗೆ ಬಂದಾಗಲೂ ಈ ವಿಷಯವನ್ನು ನಾವ್ಯಾರೂ ಎತ್ತಿರಲಿಲ್ಲ. ನಾನು ಅಲ್ಲಿದ್ದೆ, ಅವಳು ಇರಲಿಲ್ಲ ಎಂಬುದು ನಮ್ಮಿಬ್ಬರ ನಡುವೆ ಮೂರು ವರ್ಷ ಹಾಗೇ ಉಳಿದಿತ್ತು.

ಅಮ್ಮ ಗೋಡೆಯನ್ನು ಆಚೆ ತುದಿಯಿಂದ ಈಚೆ ತುದಿಯವರೆಗೆ ನೋಡಿದಳು.

"ಅಪ್ಪನ ಹೆಸರು ಬರ್ದಿಲ್ವೇನೇ?"

"ಇದು ಈ ದೇಶದಲ್ಲಿ ಹೋದೋರಿಗಮ್ಮ. ಅಪ್ಪ ಅಲ್ಲಿ ಹೋದ್ರಲ್ಲ."

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಳೋಳು ಇಲ್ಲೇ ಇದ್ಲಲ್ಲ" ಎಂದಳು.

ಅಕ್ಕನ ಚೀಲದಲ್ಲಿ ಪೆನ್ನು ಇತ್ತು. ಅವಳು ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ನಾನು ಅವಳ ಕೈಯಿಂದ ಬುತ್ತಿಯ ಚೀಲ ತೆಗೆದುಕೊಂಡೆ. ಮೂವರೂ ವೆಸ್ಟ್‌ಮಿನ್‌ಸ್ಟರ್ ಸೇತುವೆಯವರೆಗೆ ಮಾತಿಲ್ಲದೆ ನಡೆದೆವು. ಅಲ್ಲಿ ಮಕ್ಕಳು ಐಸ್‌ಕ್ರೀಂ ಹಿಡಿದು ಕಾಯುತ್ತಿದ್ದರು. ಅಕ್ಕ ನನ್ನ ಮಗಳ ಕೋನಿನಿಂದ ಒಂದು ಚೂರು ಕಚ್ಚಿ, "ನಿಮ್ಮಮ್ಮ ಚಿಕ್ಕೋಳಿದ್ದಾಗ ನನಗೆ ಒಂದು ಚೂರೂ ಕೊಡ್ತಿರ್ಲಿಲ್ಲ" ಎಂದು ದೂರು ಹೇಳಿದಳು. ಆ ಸಂಜೆ ಅವಳು ಬಹಳ ಮಾತಾಡಿದಳು. ಅಪ್ಪನ ಕೊನೆಯ ವಾರ ಹೇಗಿತ್ತು, ಏನು ತಿಂದರು, ಏನು ಕೇಳಿದರು ಎಲ್ಲವನ್ನೂ ನನ್ನಿಂದ ಒಂದೊಂದಾಗಿ ಹೇಳಿಸಿಕೊಂಡಳು.

ಹನ್ನೆರಡಕ್ಕೆ ಆರು ತೋರುವ ಗಡಿಯಾರ

ಭಾನುವಾರ ದೋಣಿ ಪ್ರಯಾಣ. ವೆಸ್ಟ್‌ಮಿನ್‌ಸ್ಟರ್ ಕಟ್ಟೆಯಿಂದ ಗ್ರೀನಿಚ್‌ಗೆ ಥೇಮ್ಸ್ ಮೇಲೆ ಹೋಗುವ ದೋಣಿಗಳಿವೆ. ಮೊಣಕಾಲು ನೋವಿನವರಿಗೆ ಲಂಡನ್ ನೋಡಲು ಇದಕ್ಕಿಂತ ಸುಖವಾದ ದಾರಿ ಇನ್ನೊಂದಿಲ್ಲ. ಕೂತಲ್ಲೇ ಸಂತ ಪಾಲರ ಗುಮ್ಮಟ, ಕೊಹಿನೂರ್ ವಜ್ರವಿರುವ ಲಂಡನ್ ಟವರ್, 1894ರಲ್ಲಿ ತೆರೆದ ಟವರ್ ಬ್ರಿಜ್ ಎಲ್ಲ ಒಂದೊಂದಾಗಿ ಎದುರಿಗೆ ಬರುತ್ತವೆ. ಭಾವನ ಪಟ್ಟಿಯ ಅರ್ಧ ಹೀಗೆ ಮುಗಿಯಿತು! ಗ್ರೀನಿಚ್‌ನಲ್ಲಿ ಇಳಿದ ಕೂಡಲೇ ಕಾಣುವುದು ಕಟಿ ಸಾರ್ಕ್ ಎಂಬ ಹಾಯಿಹಡಗು. 1869ರಲ್ಲಿ ಚೀನಾದಿಂದ ಟೀ ತರಲೆಂದು ಕಟ್ಟಿದ್ದು. 2007ರಲ್ಲಿ ಬೆಂಕಿಗೆ ಸಿಕ್ಕಿ, ದುರಸ್ತಿಯಾಗಿ 2012ರಲ್ಲಿ ಮತ್ತೆ ತೆರೆಯಿತು.

ಅಲ್ಲಿಂದ ಗುಡ್ಡ. ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 1675ರಲ್ಲಿ ಸ್ಥಾಪಿಸಿದ ಖಗೋಳ ವೀಕ್ಷಣಾಲಯ ಇರುವುದು ಇದರ ತಲೆಯ ಮೇಲೆ. ಸಮುದ್ರದ ಮೇಲೆ ಹಡಗು ಎಲ್ಲಿದೆ ಎಂದು ನಕ್ಷತ್ರ ನೋಡಿ ತಿಳಿಯುವ ವಿದ್ಯೆಗಾಗಿ ಕಟ್ಟಿದ್ದು. 1884ರಲ್ಲಿ ವಾಷಿಂಗ್ಟನ್ನಿನಲ್ಲಿ 25 ದೇಶಗಳ ಪ್ರತಿನಿಧಿಗಳು ಸೇರಿ, ರೇಖಾಂಶದ ಲೆಕ್ಕ ಶುರುವಾಗುವುದು ಇಲ್ಲಿಂದ ಎಂದು ತೀರ್ಮಾನಿಸಿದರು. ನಮ್ಮ ಭಾರತದ ಸಮಯ ಇಲ್ಲಿಂದ ಪೂರ್ವಕ್ಕೆ 82.5 ಡಿಗ್ರಿಯ ರೇಖೆಯದು. ಅದಕ್ಕೇ ಐದೂವರೆ ಗಂಟೆ ಮುಂದು. ಬೇಸಿಗೆಯಲ್ಲಿ ಬ್ರಿಟಿಷರು ಗಡಿಯಾರವನ್ನು ಒಂದು ಗಂಟೆ ಮುಂದೂಡುವುದರಿಂದ ನಾಲ್ಕೂವರೆ. ಮಕ್ಕಳಿಬ್ಬರೂ ಸೊನ್ನೆಯ ರೇಖೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು ಫೋಟೋ ತೆಗೆಸಿಕೊಂಡರು. ತಮಾಷೆಯೆಂದರೆ, ಈಗಿನ ಉಪಗ್ರಹಗಳ ಲೆಕ್ಕದ ಸೊನ್ನೆ ಅಲ್ಲಿಂದ ಸುಮಾರು 102 ಮೀಟರ್ ಪೂರ್ವಕ್ಕಿದೆ. ಅಕ್ಕನ ಮಗ ಫೋನ್ ಹಿಡಿದು ಅದನ್ನೂ ಹುಡುಕಿ ತೋರಿಸಿದ.

ವೀಕ್ಷಣಾಲಯದ ಗೋಪುರದ ಮೇಲೆ ಒಂದು ಕೆಂಪು ಚೆಂಡು. 1833ರಿಂದ ಇದು ಪ್ರತಿದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಕಂಬದಿಂದ ಕೆಳಗೆ ಬೀಳುತ್ತದೆ. ನದಿಯಲ್ಲಿದ್ದ ಹಡಗಿನವರು ಅದನ್ನು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಗೇಟಿನ ಹೊರಗೋಡೆಯಲ್ಲಿ, ಟಿಕೆಟ್ಟಿಲ್ಲದೆ ನೋಡಬಹುದಾದ ದೊಡ್ಡ ಗಡಿಯಾರವೊಂದಿದೆ. 1852ರದು. ಚೆಂಡು ಬಿದ್ದ ಹೊತ್ತಿಗೆ ನಾವು ಅದರ ಮುಂದೆ ನಿಂತಿದ್ದೆವು.

"ಇದೇನೇ, ಆರು ಗಂಟೆ ತೋರಿಸ್ತಿದೆ? ಕೆಟ್ಟಿದ್ಯಾ?" ಎಂದಳು ಅಮ್ಮ.

ಕೆಟ್ಟಿರಲಿಲ್ಲ. ಅದರ ಮುಖದಲ್ಲಿ ಹನ್ನೆರಡಲ್ಲ, ಇಪ್ಪತ್ನಾಲ್ಕು ಗಂಟೆಗಳಿವೆ. ನಾವು ಆರು ನೋಡುವ ಜಾಗದಲ್ಲಿ ಹನ್ನೆರಡು. ಜೊತೆಗೆ ಅದು ವರ್ಷವಿಡೀ ಗ್ರೀನಿಚ್ ಸಮಯವನ್ನೇ ತೋರಿಸುತ್ತದೆ, ಬೇಸಿಗೆಯ ಬದಲಾವಣೆ ಅದಕ್ಕಿಲ್ಲ. ಹಾಗಾಗಿ ಊರೆಲ್ಲ ಒಂದು ಗಂಟೆ ಎಂದಾಗ ಅದು ಹನ್ನೆರಡು ಎನ್ನುತ್ತದೆ. ಅಕ್ಕ ಇದನ್ನೆಲ್ಲ ಬಿಡಿಸಿ ಹೇಳಿದ ಮೇಲೆ ಅಮ್ಮ, "ಇಷ್ಟು ವರ್ಷ ನಿನಗೆ ಫೋನ್ ಮಾಡೋಕೆ ಬೆರಳು ಮಡಿಸಿ ಲೆಕ್ಕ ಹಾಕ್ತಿದ್ನಲ್ಲ, ಆ ಲೆಕ್ಕ ಹುಟ್ಟಿದ್ದು ಇಲ್ಲೇ ಅನ್ನು" ಎಂದಳು.

ಪಟ್ಟಿಯ ಕೊನೆಯ ಸಾಲು

ಭಾನುವಾರ ಮನೆಗೆ ಬಂದಾಗ ಸಂಜೆ ಆರು. ಭಾವ ಪಟ್ಟಿ ತೆಗೆದು, "ಅತ್ತೆ, ನಿಮ್ಮದೊಂದು ಬಾಕಿ ಇದೆ" ಎಂದರು. ತಮಾಷೆಗೆ ಬರೆದುಕೊಂಡರೆಂದೇ ನಾನು ತಿಳಿದಿದ್ದೆ. ಅಮ್ಮ ಆಗಲೇ ಸ್ವೆಟರ್ ತೊಟ್ಟು ಬಾಗಿಲಲ್ಲಿ ನಿಂತಿದ್ದಳು.

ಅಮ್ಮ, ಅಕ್ಕ, ನಾನು ಮೂವರೇ ಹೊರಟೆವು. ಮನೆಯಿಂದ ಬಸ್ ಸ್ಟಾಪಿಗೆ ನಾಲ್ಕು ನಿಮಿಷ. "ಚಳಿಗಾಲದಲ್ಲಿ ಏಳು ಗಂಟೆಗೂ ಇಲ್ಲಿ ಕತ್ತಲು" ಎಂದಳು ಅಕ್ಕ. ಅಮ್ಮ ಅಲ್ಲಿದ್ದ ಕಿರಿದಾದ ಓರೆ ಬೆಂಚಿನ ಮೇಲೆ ಕುಳಿತು ನೋಡಿದಳು. ಬಸ್ಸಿನಲ್ಲಿ ಅಕ್ಕ ಯಾವಾಗಲೂ ಕೂರುವ ಸೀಟಿನಲ್ಲೂ ಕೂತಳು. ದಾರಿಯ ಔಷಧಿ ಅಂಗಡಿ, ಗುಜರಾತಿಯವರ ತರಕಾರಿ ಅಂಗಡಿ, ಒಂದು ಚರ್ಚು, ರಾತ್ರಿ ಡ್ಯೂಟಿ ಮುಗಿಸಿ ಬರುವಾಗ ಅಕ್ಕ ಕಾಫಿ ಕುಡಿಯುವ ಪುಟ್ಟ ಹೋಟೆಲು. ಪ್ರವಾಸಿಗರ ಪುಸ್ತಕದಲ್ಲಿ ಇವುಗಳ ಹೆಸರಿಲ್ಲ. ಆಸ್ಪತ್ರೆಯ ಗೇಟಿನ ಮುಂದೆ ಇಳಿದೆವು. ಒಳಗೆ ಹೋಗಲಿಲ್ಲ. ಮೂರನೆಯ ಮಹಡಿಯ ಕಿಟಕಿಯೊಂದನ್ನು ಅಕ್ಕ ತೋರಿಸಿದಳು.

"ಅವತ್ತು ಇಲ್ಲೇ ಇದ್ಯಾ?" ಎಂದು ಅಮ್ಮ ಕೇಳಿದಳು. ಯಾವತ್ತು ಎಂದು ಯಾರೂ ಕೇಳಬೇಕಾಗಿರಲಿಲ್ಲ.

"ಹೂಂ. ಮಾರನೇ ದಿನ ಇಲ್ಲೇ ಇದ್ದೆ. ಎಂಟು ಪೇಷಂಟ್ ಇದ್ರು."

ಅಮ್ಮ ಆ ಕಿಟಕಿಯನ್ನು ಚೆನ್ನಾಗಿ ನೋಡಿಕೊಂಡಳು. ಆಮೇಲೆ ರಸ್ತೆ ದಾಟಿ ಎದುರಿನ ಸ್ಟಾಪಿನಿಂದ ಮನೆಗೆ ಬಂದೆವು. ಒಂದು ಗಂಟೆ ಆಗಿರಲಿಲ್ಲವಾದ್ದರಿಂದ ಮತ್ತೆ ಬಸ್ಸಿನ ಹಣವನ್ನೂ ಕೊಡಬೇಕಾಗಲಿಲ್ಲ!

2021ರ ಜನಗಣತಿಯಂತೆ ಲಂಡನ್ನಿನ ಜನಸಂಖ್ಯೆ 88 ಲಕ್ಷ. ಎರಡು ದಿನದಲ್ಲಿ ಅಂಥ ಊರನ್ನು ನೋಡಿದೆ ಎಂದು ಯಾರು ಹೇಳಿಯಾರು? ಬಕಿಂಗ್‌ಹ್ಯಾಮ್ ಅರಮನೆಯನ್ನು ನಾವು ನೋಡಲಿಲ್ಲ, ಮೇಣದ ಬೊಂಬೆಗಳನ್ನೂ ನೋಡಲಿಲ್ಲ. ಮಕ್ಕಳು, ಒಡಹುಟ್ಟಿದವರು ಪರದೇಶದಲ್ಲಿರುವ ಮನೆಗಳು ಈಗ ನಮ್ಮ ಬೀದಿ ಬೀದಿಯಲ್ಲೂ ಇವೆ. ಅಂಥವರಿಗೆ ನನ್ನದೊಂದು ಸಲಹೆ. ಹೋದಾಗ ಅರಮನೆ, ಗೋಪುರಗಳನ್ನು ಧಾರಾಳವಾಗಿ ನೋಡಿ. ಆದರೆ ಒಂದು ಸಂಜೆಯನ್ನು ಉಳಿಸಿಕೊಂಡು, ಅವರು ದಿನಾ ಓಡಾಡುವ ದಾರಿಯಲ್ಲಿ ಒಮ್ಮೆ ಅವರ ಜೊತೆ ಹೋಗಿ ಬನ್ನಿ. ಅವರು ಫೋನಿನಲ್ಲಿ "ಚೆನ್ನಾಗಿದ್ದೀನಿ" ಎನ್ನುವಾಗ ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂಬುದು ಆಮೇಲೆ ನಿಮಗೆ ಗೊತ್ತಿರುತ್ತದೆ.

ಮೈಸೂರಿನಲ್ಲಿ ಈಗ ಮಧ್ಯಾಹ್ನದ ಊಟವಾದ ಮೇಲೆ ಅಮ್ಮ ಒಂದು ಸಲ ಗಡಿಯಾರ ನೋಡುತ್ತಾಳೆ. ಬೆರಳು ಮಡಿಸುವುದಿಲ್ಲ. "ಬಸ್ ಬಂದಿರತ್ತೆ" ಎಂದು ತನ್ನಷ್ಟಕ್ಕೇ ಹೇಳಿಕೊಂಡು ಮಲಗಲು ಹೋಗುತ್ತಾಳೆ.